ಧಾರಾವಾಹಿಯ ಗದ್ದಲದಲ್ಲಿ ಕೇಳಿಸದ ಮನೆ

ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ರಾಯಚೂರು ನಗರದ ಯಾವ ಓಣಿಯಲ್ಲಿ ನಡೆದುಹೋದರೂ ಕಿಟಕಿಯಿಂದ ಕಿಟಕಿಗೆ ಒಂದೇ ಧಾರಾವಾಹಿಯ ಹಿನ್ನೆಲೆ ಸಂಗೀತ ಬೆನ್ನಟ್ಟಿ ಬರುತ್ತದೆ. ದೇವದುರ್ಗ, ಮಾನ್ವಿಗಳ ಮಾತೂ ಇದಕ್ಕೆ ಹೊರತಲ್ಲ. ಕನ್ನಡದ ಕಿರುತೆರೆಗೆ ಕುಟುಂಬವೇ ಬಂಡವಾಳ, ಮಾತೇ ಉಸಿರು. ಅತ್ತೆ ಸೊಸೆಯನ್ನು ಮಾತಿನಲ್ಲಿ ತಿವಿಯುತ್ತಾಳೆ. ಮಾವ ಬಾಗಿಲ ಮರೆಯಲ್ಲಿ ನಿಂತು ಗುಟ್ಟನ್ನು ಕದ್ದು ಕೇಳುತ್ತಾನೆ. ಕೇಳಿಸಿಕೊಂಡದ್ದರಿಂದಲೇ ಕತೆ ಮುಂದಿನ ವಾರಕ್ಕೆ ಹೊರಳುತ್ತದೆ. ಆ ಪರದೆಯ ಮುಂದೆ ಕುಳಿತ ಮನೆಮಂದಿಯ ನಡುವೆ ಕಿವಿ ಕೇಳದ ಒಂದು ಮಗುವೂ ಇದ್ದರೆ ಅದಕ್ಕೆ ದಕ್ಕುವುದೇನು? ಮೂರು ಮೂರು ಬಾರಿ ಹತ್ತಿರಕ್ಕೆ ಬಂದು ನಿಲ್ಲುವ ಮುಖಗಳು, ಕಾರಣ ತಿಳಿಯದ ಕಣ್ಣೀರು, ಸುತ್ತ ಕುಳಿತವರ ನಗೆ. ಯಾಕೆ ನಕ್ಕಿರಿ ಎಂದು ಸನ್ನೆಯಲ್ಲಿ ಕೇಳಿದರೆ, ‘ಆಮೇಲೆ ಹೇಳುತ್ತೇನೆ’ ಎಂಬ ಅರ್ಥದಲ್ಲಿ ಕೈ ಬೀಸಲಾಗುತ್ತದೆ. ಆ ‘ಆಮೇಲೆ’ ಬರುವುದು ಅಪರೂಪ. ಕಿವುಡರ ಬದುಕನ್ನು ಕುರಿತು ಬರೆದವರೆಲ್ಲರೂ, ಜಗತ್ತಿನ ಯಾವ ಮೂಲೆಯವರಾದರೂ, ಈ ಊಟದ ಹೊತ್ತಿನ ಒಂಟಿತನವನ್ನು ಪ್ರಸ್ತಾಪಿಸದೆ ಬಿಟ್ಟಿಲ್ಲ.

ಈ ಒಂಟಿತನವನ್ನೇ ಕತೆಯ ನಡುಮನೆಗೆ ತಂದು ಕೂರಿಸಿದ ಧಾರಾವಾಹಿಯೊಂದು ಅಮೆರಿಕದಲ್ಲಿ ಬಂದಿತ್ತು. ‘ಸ್ವಿಚ್ಡ್ ಅಟ್ ಬರ್ತ್’ ಎಂಬುದು ಅದರ ಹೆಸರು. 2011ರ ಜೂನ್‌ನಲ್ಲಿ ಆರಂಭವಾಗಿ 2017ರ ಏಪ್ರಿಲ್‌ನಲ್ಲಿ ಮುಗಿದ ಈ ಧಾರಾವಾಹಿಯ ಕಥಾವಸ್ತು ನಮ್ಮವರಿಗೆ ಹೊಸದೇನೂ ಅಲ್ಲ. ಆಸ್ಪತ್ರೆಯಲ್ಲಿ ಇಬ್ಬರು ಹೆಣ್ಣುಶಿಶುಗಳು ಅದಲು ಬದಲಾಗುತ್ತಾರೆ. ಹದಿಹರೆಯದಲ್ಲಿ ಸತ್ಯ ಹೊರಬೀಳುತ್ತದೆ. ನಮ್ಮ ಸಿನಿಮಾಗಳು ಸವೆಸಿ ಬಿಟ್ಟ ದಾರಿಯೇ ಇದು. ಆದರೆ ಅಲ್ಲಿ ಒಂದು ತಿರುವಿದೆ. ಬಡ ತಾಯಿಯ ಮನೆಯಲ್ಲಿ ಬೆಳೆದ ಡ್ಯಾಫ್ನಿ ಎಂಬ ಹುಡುಗಿ ಶೈಶವದಲ್ಲಿ ಮಿದುಳುಪೊರೆಯ ಉರಿಯೂತದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡಿದ್ದಾಳೆ. ಸಾಕಿದ ತಾಯಿ ಅವಳಿಗಾಗಿ ಸಂಜ್ಞಾ ಭಾಷೆಯನ್ನು ಕಲಿತಿದ್ದಾಳೆ. ಹೆತ್ತವರಿಗೆ ಐಶ್ವರ್ಯವಿದೆ, ಪ್ರೀತಿಯೂ ಇದೆ. ಮಗಳೊಡನೆ ಮಾತನಾಡಲು ಭಾಷೆಯಿಲ್ಲ. ಮಗಳ ಕಿವಿಯನ್ನು ‘ಸರಿಪಡಿಸುವ’ ಬಗೆಯನ್ನು ಅವರು ಮೊದಲು ಯೋಚಿಸುತ್ತಾರೆಯೇ ಹೊರತು ತಮ್ಮ ಕೈಗಳನ್ನು ಪಳಗಿಸುವ ಬಗೆಯನ್ನಲ್ಲ. ಹಾಗಾದರೆ ಆ ಹುಡುಗಿಗೆ ಸ್ವಂತ ಮನೆ ಯಾವುದು? ರಕ್ತ ಹಂಚಿಕೊಂಡದ್ದೋ, ಭಾಷೆ ಹಂಚಿಕೊಂಡದ್ದೋ? ಇಡೀ ಧಾರಾವಾಹಿ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಕಿವುಡ ಪಾತ್ರಗಳಲ್ಲಿ ಹಲವನ್ನು ಅಲ್ಲಿ ಕಿವುಡ ನಟರೇ ನಿರ್ವಹಿಸಿದರು. ಗೆಳೆಯ ಎಮ್ಮೆಟ್‌ನ ಪಾತ್ರದಲ್ಲಿ ಶಾನ್ ಬರ್ಡಿ, ಅವನ ತಾಯಿಯಾಗಿ, 1986ರ ಚಿತ್ರವೊಂದರ ಅಭಿನಯಕ್ಕೆ ಆಸ್ಕರ್ ಪಡೆದಿದ್ದ ಮಾರ್ಲೀ ಮ್ಯಾಟ್ಲಿನ್ ಇದ್ದರು. 2013ರ ಮಾರ್ಚ್ 4ರಂದು ಪ್ರಸಾರವಾದ ಕಂತು ಬಹುತೇಕ ಪೂರ್ತಿಯಾಗಿ ಅಮೆರಿಕನ್ ಸಂಜ್ಞಾ ಭಾಷೆಯಲ್ಲಿಯೇ ಇತ್ತು. ತಮ್ಮ ಕಿವುಡರ ಶಾಲೆಯನ್ನು ಮುಚ್ಚಲು ಹೊರಟ ಆಡಳಿತದ ವಿರುದ್ಧ ವಿದ್ಯಾರ್ಥಿಗಳು ಶಾಲೆಯನ್ನೇ ವಶಪಡಿಸಿಕೊಳ್ಳುವ ಕತೆ ಅದು. 1988ರಲ್ಲಿ ವಾಷಿಂಗ್ಟನ್ನಿನ ಗ್ಯಾಲೊಡೆಟ್ ವಿಶ್ವವಿದ್ಯಾಲಯದಲ್ಲಿ ಕಿವುಡರೊಬ್ಬರೇ ತಮ್ಮ ಅಧ್ಯಕ್ಷರಾಗಬೇಕೆಂದು ನಡೆದ ಚಳವಳಿಯ ನೆನಪನ್ನು ಹೊತ್ತದ್ದು. ಕೇಳಬಲ್ಲ ಲಕ್ಷಾಂತರ ಮಂದಿ ಅಂದು ಅಡಿಬರಹವನ್ನು ಓದಿಕೊಂಡು ಧಾರಾವಾಹಿ ನೋಡಬೇಕಾಯಿತು. ಕಿವುಡರಿಗೆ ದಿನನಿತ್ಯವಾಗಿರುವ ಅನುಭವ ಒಂದು ರಾತ್ರಿಯ ಮಟ್ಟಿಗೆ ಅದಲು ಬದಲಾಯಿತು.

‘ಕಿವುಡ ಸಂಸ್ಕೃತಿ’ ಎಂಬ ಮಾತು ನಮ್ಮ ಓದುಗರಿಗೆ ವಿಚಿತ್ರವಾಗಿ ಕಂಡೀತು. ಇಲ್ಲದಿರುವಿಕೆಗೆ ಸಂಸ್ಕೃತಿ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಆದರೆ ಭಾಷೆ ಇರುವಲ್ಲಿ ಸಂಸ್ಕೃತಿ ಇರಲೇಬೇಕಷ್ಟೆ. ಕಿವುಡರ ಗುಂಪಿನಲ್ಲಿ ಪ್ರತಿಯೊಬ್ಬನಿಗೂ ಒಂದು ಸಂಜ್ಞಾನಾಮವಿರುತ್ತದೆ. ಗಲ್ಲದ ಮಚ್ಚೆಯೋ, ಗುಂಗುರು ಕೂದಲೋ, ನಡಿಗೆಯೋ ಹೆಸರಾಗುತ್ತದೆ. ಕರೆಯಲು ದೀಪ ಆರಿಸಿ ಹೊತ್ತಿಸುತ್ತಾರೆ, ನೆಲವನ್ನು ಒದೆದು ಕಂಪನ ಮುಟ್ಟಿಸುತ್ತಾರೆ, ಭುಜ ತಟ್ಟುತ್ತಾರೆ. ಮಾತಿನ ನಡುವೆ ಮುಖ ತಿರುಗಿಸುವುದು ಅಲ್ಲಿ ಅವಮಾನ. ಬೀಳ್ಕೊಡುಗೆಗಳು ಮುಗಿಯುವುದೇ ಇಲ್ಲ. ಮತ್ತೆ ತನ್ನ ಭಾಷೆಯವರು ಯಾವಾಗ ಸಿಕ್ಕಾರೋ ಎಂಬ ಆತಂಕ ಅದರ ಹಿಂದಿದೆ. ಭಾರತವು 2007ರಲ್ಲಿ ಒಪ್ಪಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯ 30ನೇ ವಿಧಿ ಸಂಜ್ಞಾ ಭಾಷೆಯನ್ನೂ ಕಿವುಡ ಸಂಸ್ಕೃತಿಯನ್ನೂ ಹೆಸರಿಸಿಯೇ ಮನ್ನಿಸಿದೆ.

ಕನ್ನಡಕ್ಕೆ ಈ ವಸ್ತು ಪರಕೀಯವೆನ್ನಲಾಗದು. 1964ರಷ್ಟು ಹಿಂದೆಯೇ ಎನ್. ಲಕ್ಷ್ಮೀನಾರಾಯಣ್ ತಮ್ಮ ‘ನಾಂದಿ’ ಚಿತ್ರದಲ್ಲಿ ಕಿವಿ ಕೇಳದ, ಮಾತು ಬಾರದ ಹೆಣ್ಣುಮಗಳನ್ನು ಗೃಹಿಣಿಯಾಗಿ ತೋರಿಸಿದರು. ಹರಿಣಿ ಆ ಪಾತ್ರವನ್ನು ವಹಿಸಿದರೆ, ರಾಜ್‌ಕುಮಾರ್ ಅವರಂತಹ ತಾರೆ ಅವಳ ಗಂಡನಾದ ಸಾಧಾರಣ ಶಾಲಾ ಮಾಸ್ತರನಾಗಿ ಒಗ್ಗಿಕೊಂಡರು. ಹಿಂದಿಯಲ್ಲಿ ಗುಲ್ಜಾರರ ‘ಕೋಶಿಶ್’ ಬಂದದ್ದು ಇದಾದ ಎಂಟು ವರ್ಷಗಳ ಬಳಿಕ, 1972ರಲ್ಲಿ. ಕಿವುಡ ತಂದೆತಾಯಿ ಮತ್ತು ಹಾಡುವ ಮಗಳ ಕತೆಯಾದ ‘ಖಾಮೋಶಿ’ 1996ರದು. ಅದೇ ಬಗೆಯ ಇಕ್ಕಟ್ಟನ್ನು ಹೇಳಿದ ‘ಕೋಡಾ’ 2022ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಾಗ ಕನ್ನಡಿಗರಾರೂ ‘ನಾಂದಿ’ಯನ್ನು ನೆನೆದಂತಿಲ್ಲ. ನಾಂದಿ ಹಾಡಿದವರು ನಾವು. ನಾಟಕ ಆಡಿದವರು ಬೇರೆಯವರು.

ಕಿರುತೆರೆಗೆ ಗಂಭೀರ ವಸ್ತು ಒಗ್ಗುವುದಿಲ್ಲ ಎಂಬ ವಾದವನ್ನೂ ಒಪ್ಪಲಾಗದು. ಟಿ.ಎನ್. ಸೀತಾರಾಂ ಮತ್ತು ಗೆಳೆಯರ ‘ಮಾಯಾಮೃಗ’, ಆನಂತರ ಸೀತಾರಾಂ ಅವರ ‘ಮುಕ್ತ’ ನ್ಯಾಯಾಲಯ, ಕಚೇರಿ, ರಾಜಕಾರಣಗಳನ್ನೆಲ್ಲ ಮನೆಯ ಜಗಲಿಗೆ ತಂದವು. ಜನ ಕಾದು ನೋಡಿದರು. ಇಂದು ಕಿವುಡುತನ ಕಿರುತೆರೆಗೆ ಬಂದರೂ ಅದು ಕರುಣೆಗೋ ಪವಾಡಕ್ಕೋ ಮೀಸಲು. ಮಾತು ಬಾರದ ಹುಡುಗಿ ಸಹನೆಯ ಮೂರ್ತಿಯಾಗಿರಬೇಕು. ಇಲ್ಲವೆ ದೇವರ ಗುಡಿಯಲ್ಲಿ ಘಂಟೆ ಬಾರಿಸಿದಾಗ ಅವಳ ಕಿವಿ ತೆರೆಯಬೇಕು. ಅವಳು ಜಗಳವಾಡುವಂತಿಲ್ಲ, ಹಾಸ್ಯ ಮಾಡುವಂತಿಲ್ಲ, ಆಸ್ತಿಯಲ್ಲಿ ಪಾಲು ಕೇಳುವಂತಿಲ್ಲ. ಅವಳದೇ ಭಾಷೆಯೊಂದಿದೆ ಎಂಬುದಂತೂ ಸಂಭಾಷಣೆಕಾರನ ಗಮನಕ್ಕೆ ಬಂದಂತಿಲ್ಲ.

ಇದನ್ನು ರಾಯಚೂರಿನ ನೆಲದಲ್ಲಿಟ್ಟು ನೋಡಬೇಕು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಸೀಮೆ ಕಿವಿಯನ್ನು ನಂಬಿ ಬಾಳಿದ ನಾಡು. ಮಾನ್ವಿಯಲ್ಲಿ ನೆಲೆಸಿ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು, ಚೀಕಲಪರವಿಯ ವಿಜಯದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಇವರೆಲ್ಲರ ಭಕ್ತಿ ಹಾಡಿನ ಭಕ್ತಿ, ಶ್ರವಣದ ಭಕ್ತಿ. ನವವಿಧ ಭಕ್ತಿಯಲ್ಲಿ ಶ್ರವಣಕ್ಕೇ ಮೊದಲ ಸ್ಥಾನ. ಇಂಥ ಪರಂಪರೆಯಲ್ಲಿ ಕೇಳದವನಿಗೆ ಜಾಗವೆಲ್ಲಿ ಎಂದು ಕೇಳಿದರೆ ದಾಸರನ್ನು ದೂಷಿಸಿದಂತಾಗಬಾರದು. ಆದರೆ ಪ್ರಶ್ನೆ ಪ್ರಶ್ನೆಯೇ. ಈ ಕಡೆಯ ಆಡುಮಾತು ಕಿವಿ ಕೇಳದವನನ್ನು ‘ಕೆಪ್ಪ’ ಎನ್ನುತ್ತದೆ, ಮಾತು ಬಾರದವನನ್ನು ‘ಮೂಗ’ ಎನ್ನುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಅದೇ ಅವನ ಹೆಸರಾಗಿಬಿಡುತ್ತದೆ. ಇಟ್ಟ ಹೆಸರು ಶಾಲೆಯ ದಾಖಲೆಯಲ್ಲೋ ಪಡಿತರ ಚೀಟಿಯಲ್ಲೋ ಉಳಿಯುತ್ತದೆ.

2011ರ ಜನಗಣತಿ ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 2.35 ಲಕ್ಷದಷ್ಟು ಶ್ರವಣದೋಷವುಳ್ಳವರನ್ನು ಎಣಿಸಿತು. ಕಾರಣಗಳು ಹಲವು: ಅವಧಿಗೆ ಮುನ್ನ ಹೆರಿಗೆ, ಶಿಶುವಿನ ತೀವ್ರ ಕಾಮಾಲೆ, ಗರ್ಭಿಣಿಗೆ ತಗಲುವ ರುಬೆಲ್ಲಾ, ವರ್ಷಗಟ್ಟಲೆ ಸೋರಿದರೂ ಔಷಧ ಕಾಣದ ಕಿವಿ. ಇವುಗಳಲ್ಲಿ ಹೆಚ್ಚಿನವು ಬಡತನದ ಬಾಲಬಡುಕರು. ಇನ್ನೊಂದು ಕಾರಣ ನಮ್ಮ ಕೌಟುಂಬಿಕ ಧಾರಾವಾಹಿಗಳ ಎದೆಯಲ್ಲೇ ಕುಳಿತಿದೆ. ಅಕ್ಕನ ಮಗಳನ್ನೋ ಅತ್ತೆಯ ಮಗಳನ್ನೋ ತರುವುದು ಇಲ್ಲಿ ಲಾಗಾಯ್ತಿನಿಂದ ನಡೆದು ಬಂದದ್ದು. ಆಸ್ತಿ ಹೊರಗೆ ಹೋಗುವುದಿಲ್ಲ, ಹೆಣ್ಣು ಪರರ ಪಾಲಾಗುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆಗಳ ಪ್ರಮಾಣ ಶೇ 27ರ ಆಸುಪಾಸಿನಲ್ಲಿದೆ. ತಮಿಳುನಾಡನ್ನು ಬಿಟ್ಟರೆ ನಾವೇ ಮುಂದು. ಹುಟ್ಟುಕಿವುಡಿಗೆ ಕಾರಣವಾಗುವ ಬಹಳಷ್ಟು ವಂಶವಾಹಿ ದೋಷಗಳು ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವಂಥವು. ಒಂದೇ ಅಜ್ಜನ ಮೊಮ್ಮಕ್ಕಳು ಮದುವೆಯಾದಾಗ ಆ ಸಾಧ್ಯತೆ ಏರುತ್ತದೆ. ಆದರೆ ಮಗು ಕಿವುಡಾದಾಗ ದೂರು ಹೊರುವವಳು ತಾಯಿ ಮಾತ್ರ. ಗ್ರಹಣದ ದಿನ ಹೊರಗೆ ಬಂದಳು, ಹರಕೆ ಮರೆತಳು ಎಂದು ಹೇಳುವ ಅತ್ತೆಯೇ, ತನ್ನ ಮಗನಿಗೆ ತನ್ನ ತಮ್ಮನ ಮಗಳನ್ನು ಹಟ ಹಿಡಿದು ತಂದವಳಾಗಿರುತ್ತಾಳೆ. ಸೊಸೆಯ ಮೇಲೆ ಆರೋಪ, ಅತ್ತೆಯ ಮನದಲ್ಲಿ ಮುಚ್ಚಿಟ್ಟ ಅಳುಕು: ಇದಕ್ಕಿಂತ ಬಲವಾದ ನಾಟಕವನ್ನು ಯಾವ ಧಾರಾವಾಹಿ ಕಟ್ಟಬಲ್ಲದು?

ಎಲ್ಲಾ ಊರುಗಳೂ ಹೀಗೇ ನಡೆದುಕೊಂಡಿಲ್ಲ. ನಮ್ಮದೇ ರಾಜ್ಯದ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಗ್ರಾಮದಲ್ಲಿ ಆನುವಂಶಿಕ ಕಿವುಡುತನ ತಲೆಮಾರುಗಳಿಂದ ಉಳಿದುಬಂದಿದೆ. ಶಿಯಾ ಮುಸ್ಲಿಮರು ಬಹುಸಂಖ್ಯೆಯಲ್ಲಿರುವ ಆ ಊರಿನಲ್ಲಿ ನೂರಕ್ಕೂ ಹೆಚ್ಚು ಕಿವುಡರಿದ್ದು, ಅವರದೇ ಆದ ಒಂದು ಸಂಜ್ಞಾ ಭಾಷೆ ಬೆಳೆದಿದೆ. ಭಾಷಾವಿಜ್ಞಾನಿ ಶಿಬಾಜಿ ಪಂಡಾ ಅದನ್ನು ‘ಅಲೀಪುರ ಸಂಜ್ಞಾ ಭಾಷೆ’ ಎಂದು ಕರೆದು 2012ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅಲ್ಲಿ ಕೇಳಬಲ್ಲವರಿಗೂ ಅಷ್ಟಿಷ್ಟು ಸಂಜ್ಞೆ ಬರುತ್ತದೆ. ಅಮೆರಿಕದ ಮಾರ್ತಾಸ್ ವಿನ್ಯರ್ಡ್ ದ್ವೀಪದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಇತ್ತೆಂದು ಮಾನವಶಾಸ್ತ್ರಜ್ಞೆ ನೋರಾ ಗ್ರೋಸ್ 1985ರಲ್ಲಿ ದಾಖಲಿಸಿದ್ದಾರೆ. ಕಿವುಡರ ಸಂಖ್ಯೆ ಹೆಚ್ಚಿದ್ದಲ್ಲಿ ಊರೇ ಭಾಷೆ ಕಲಿಯುತ್ತದೆ. ದೇವದುರ್ಗದ ಒಂದೊಂದು ಹಳ್ಳಿಯಲ್ಲಿ ಒಬ್ಬರೋ ಇಬ್ಬರೋ ಕಿವುಡರಿದ್ದಾಗ ಯಾರು ಯಾರಿಂದ ಕಲಿಯಬೇಕು?

ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕೇಳಬಲ್ಲ ತಂದೆತಾಯಿಗೆ. ಉಳಿದ ಯಾವ ಭಾಷಾ ಸಮುದಾಯಕ್ಕೂ ಇಲ್ಲದ ಸಂಕಟ ಇದು: ತಾಯಿಯಿಂದ ತಾಯಿನುಡಿ ದೊರೆಯದು. ಮನೆಯವರು ಮತ್ತು ಮಗು ಸೇರಿ ಕೆಲವು ಸನ್ನೆಗಳನ್ನು ಕಟ್ಟಿಕೊಳ್ಳುತ್ತಾರೆ. ಊಟ, ನೀರು, ಎಮ್ಮೆ, ಹೊಲ, ಅಪ್ಪನ ಮೀಸೆ. ಎದುರಿಗಿರುವುದನ್ನು ತೋರಿಸಲು ಅವು ಸಾಕು. ‘ನಾಳೆ ಅಜ್ಜಿಯ ಊರಿಗೆ ಹೋಗುವುದಿಲ್ಲ, ಏಕೆಂದರೆ ಅವಳಿಗೆ ಮೈ ಸರಿಯಿಲ್ಲ’ ಎಂಬುದನ್ನು ಹೇಳಲು ಸಾಲವು. ಮೊದಲ ಐದು ವರ್ಷಗಳಲ್ಲಿ ಯಾವುದಾದರೊಂದು ಪೂರ್ಣ ಭಾಷೆ, ಅದು ನಾಲಿಗೆಯದಾಗಲಿ ಕೈಯದಾಗಲಿ, ಮಗುವಿಗೆ ದಕ್ಕದೇ ಹೋದರೆ ಮುಂದೆ ಯಾವ ಭಾಷೆಯೂ ಸಲೀಸಾಗಿ ದಕ್ಕುವುದಿಲ್ಲ ಎಂಬುದು ತಜ್ಞರ ಎಚ್ಚರಿಕೆ. ಕಿವುಡುತನದಿಂದಾಗುವ ನಷ್ಟಕ್ಕಿಂತ ಈ ಭಾಷಾಹೀನತೆಯಿಂದಾಗುವ ನಷ್ಟವೇ ದೊಡ್ಡದು.

ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಬಂದಿರುವಾಗ ಕೈಭಾಷೆಯ ಮಾತೇಕೆ ಎಂದು ವಿದ್ಯಾವಂತರು ಕೇಳುವುದುಂಟು. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಆ ಶಸ್ತ್ರಚಿಕಿತ್ಸೆಗೆ ನೆರವು ದೊರೆಯುತ್ತದೆ. ಬೇಗನೆ ಮಾಡಿಸಿಕೊಂಡ ಅನೇಕ ಮಕ್ಕಳು ಚೆನ್ನಾಗಿ ಮಾತನಾಡುತ್ತಿದ್ದಾರೆ ಎಂಬುದೂ ನಿಜ. ಆದರೆ ಯಂತ್ರ ಕೂಡಿಸಿದ ಕೂಡಲೇ ಮಾತು ಬಂದುಬಿಡುವುದಿಲ್ಲ. ತಿಂಗಳುಗಟ್ಟಲೆ ಹೊಂದಾಣಿಕೆ, ವರ್ಷಗಟ್ಟಲೆ ಶ್ರವಣ ತರಬೇತಿ, ಬ್ಯಾಟರಿ, ತಂತಿ, ರಿಪೇರಿ ಎಲ್ಲವೂ ಬೇಕು. ಸುಗ್ಗಿ ಮುಗಿದೊಡನೆ ಬೀಗ ಜಡಿದು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೊರಡುವ ದೇವದುರ್ಗದ ಕುಟುಂಬವೊಂದು ವಾರಕ್ಕೆ ಎರಡು ದಿನ ಮಗುವನ್ನು ತರಬೇತಿಗೆ ಕರೆದೊಯ್ಯುವುದಾದರೂ ಹೇಗೆ? ತಗಡಿನ ಶೆಡ್ಡಿನಲ್ಲಿ ಕೆಟ್ಟುಹೋದ ಯಂತ್ರ ಪೆಟ್ಟಿಗೆ ಸೇರಿದರೆ ಮಗುವಿಗೆ ಅತ್ತ ಮಾತೂ ಇಲ್ಲ, ಇತ್ತ ಸಂಜ್ಞೆಯೂ ಇಲ್ಲ. ಯಂತ್ರ ಬೇಡವೆಂದು ಯಾರೂ ಹೇಳಬೇಕಿಲ್ಲ. ಅದನ್ನು ಕೊಡಿಸಿದವರು ಸಂಜ್ಞೆಯನ್ನು ನಿಷೇಧಿಸುವುದು ಮಾತ್ರ ಸಲ್ಲದು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವೊಂದು ಶಾಲೆಗಳಿಂದ ಸಂಜ್ಞೆಯನ್ನು ಹೊರಹಾಕಿ ತುಟಿಯೋದುವಿಕೆಯನ್ನು ಹೇರಿದ್ದರ ಪರಿಣಾಮವನ್ನು ಜಗತ್ತು ಒಂದು ಶತಮಾನ ಉಂಡಿದೆ. ಕೈ ಆಡಿಸಿದರೆ ಮಾತು ಬರುವುದಿಲ್ಲ ಎಂಬ ಆ ಹಳೆಯ ನಂಬಿಕೆ ನಮ್ಮ ಪೋಷಕರಲ್ಲಿ ಇನ್ನೂ ಗಟ್ಟಿಯಾಗಿದೆ.

ಹಾಗಾದರೆ ಭಾಷೆ ಎಲ್ಲಿ ಸಿಗುತ್ತದೆ? ಹೆಚ್ಚಿನವರಿಗೆ ವಸತಿ ಶಾಲೆಯಲ್ಲಿ. ಈ ಭಾಗದ ಮಕ್ಕಳು ನಗರದ ವಿಶೇಷ ಶಾಲೆಗೋ, ಕಲಬುರಗಿ, ಬಳ್ಳಾರಿಗಳ ಸರ್ಕಾರಿ ಕಿವುಡ ಮಕ್ಕಳ ಶಾಲೆಗೋ ಸೇರಿದಾಗ, ತರಗತಿಗಿಂತ ಹೆಚ್ಚಾಗಿ ಹಾಸ್ಟೆಲಿನ ಕೋಣೆಯಲ್ಲಿ, ಹಿರಿಯ ಹುಡುಗರ ಕೈಗಳಿಂದ ಭಾಷೆ ಕಲಿಯುತ್ತಾರೆ. ನಿಕರಾಗುವಾ ದೇಶದಲ್ಲಿ 1970ರ ದಶಕದ ಕೊನೆಗೆ ಮೊದಲ ಬಾರಿಗೆ ಕಿವುಡ ಮಕ್ಕಳನ್ನು ಒಂದೆಡೆ ಸೇರಿಸಿದಾಗ, ಯಾರೂ ಕಲಿಸದೆಯೇ ಆಟದ ಬಯಲಿನಲ್ಲಿ ಹೊಸ ಭಾಷೆಯೊಂದು ಹುಟ್ಟಿದ್ದನ್ನು ಭಾಷಾವಿಜ್ಞಾನಿಗಳು ಬೆರಗಿನಿಂದ ನೋಡಿದರು. ರಜೆಗೆ ಊರಿಗೆ ಬಂದ ಹುಡುಗನ ಸ್ಥಿತಿಯನ್ನು ಊಹಿಸಿಕೊಳ್ಳಿ. ಅವನ ಬಳಿ ಈಗ ಹೇಳಲು ಭಾಷೆಯಿದೆ, ಕೇಳುವವರಿಲ್ಲ. ಮನೆಯವರ ಹತ್ತು ಸನ್ನೆಗಳಿಗೆ ಅವನ ಸಾವಿರ ಸಂಜ್ಞೆಗಳು ಅರ್ಥವಾಗುವುದಿಲ್ಲ. ಅಮೆರಿಕದ ಧಾರಾವಾಹಿಯ ಡ್ಯಾಫ್ನಿಗೆ ಎರಡು ಮನೆಗಳು ಬಂದದ್ದು ಆಸ್ಪತ್ರೆಯ ತಪ್ಪಿನಿಂದ. ನಮ್ಮ ಹುಡುಗನಿಗೆ ಎರಡು ಮನೆಗಳಾಗಲು ಯಾರ ತಪ್ಪೂ ಬೇಕಾಗಲಿಲ್ಲ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಬೇಕು. ರಾಯಚೂರು ಕನ್ನಡ, ತೆಲುಗು, ಉರ್ದುಗಳು ಬೆರೆತ ಊರು. ಕೃಷ್ಣೆಯ ಸೇತುವೆ ದಾಟಿದರೆ ತೆಲಂಗಾಣ, ತುಂಗಭದ್ರೆ ದಾಟಿದರೆ ಆಂಧ್ರ. ನಾಲಿಗೆಯ ಭಾಷೆ ಬದಲಾಗುವ ಈ ಗಡಿಗಳಲ್ಲಿ ಕೈಯ ಭಾಷೆ ಬದಲಾಗುವುದಿಲ್ಲ. ಭಾರತೀಯ ಸಂಜ್ಞಾ ಭಾಷೆ ಕನ್ನಡವನ್ನು ಬೆರಳುಗಳಿಗೆ ಇಳಿಸಿದ್ದಲ್ಲ, ಹಿಂದಿಯನ್ನೂ ಅಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ‘ಏನು’, ‘ಯಾರು’, ‘ಎಲ್ಲಿ’ ಎಂಬ ಪ್ರಶ್ನಾಪದ ಅಲ್ಲಿ ವಾಕ್ಯದ ಕೊನೆಗೆ ಬರುತ್ತದೆ. ಹುಬ್ಬು, ಕಣ್ಣು, ತಲೆಯ ಅಲುಗಾಟಗಳು ವಿಭಕ್ತಿ ಪ್ರತ್ಯಯಗಳಷ್ಟೇ ಮುಖ್ಯ. 1970ರ ದಶಕದಲ್ಲಿ ಮದನ್ ವಸಿಷ್ಠ ಮತ್ತು ಸಂಗಡಿಗರು ದೆಹಲಿ, ಕಲ್ಕತ್ತಾ, ಮುಂಬೈ, ಬೆಂಗಳೂರುಗಳ ಸಂಜ್ಞೆಗಳನ್ನು ಹೋಲಿಸಿ, ಪ್ರಾದೇಶಿಕ ವ್ಯತ್ಯಾಸಗಳಿದ್ದರೂ ಇವೆಲ್ಲ ಒಂದೇ ಕುಲದವು ಎಂದು ತೋರಿಸಿದರು. ಮಾನ್ವಿಯ ಕಿವುಡನೂ ಮಂತ್ರಾಲಯದ ಕಿವುಡನೂ ಬಸ್ ನಿಲ್ದಾಣದಲ್ಲಿ ಎದುರಾದರೆ ಐದು ನಿಮಿಷದಲ್ಲಿ ಹರಟೆಗೆ ಇಳಿಯಬಲ್ಲರು. ಭಾಷೆಯ ಹೆಸರಿನಲ್ಲಿ ಕಚ್ಚಾಡುವ ನಮಗೆ ಈ ದೃಶ್ಯವನ್ನು ತೋರಿಸಲಾದರೂ ಒಂದು ಧಾರಾವಾಹಿ ಬೇಡವೇ?

ಅಗ್ಗದ ಮೊಬೈಲ್ ಬಂದ ಮೇಲಂತೂ ಕಿವುಡರ ಸಾಮಾಜಿಕ ಬದುಕು ಗುರುತು ಸಿಗದಷ್ಟು ಬದಲಾಗಿದೆ. ದೂರವಾಣಿ ಕಿವುಡರನ್ನು ಒಂದು ಶತಮಾನ ಹೊರಗಿಟ್ಟಿತ್ತು. ವಿಡಿಯೊ ಕರೆ ಒಳಗೆ ಕರೆದುಕೊಂಡಿತು. ಗೆಳೆತನ, ಪ್ರೇಮ, ವಧೂವರಾನ್ವೇಷಣೆಗಳು ಅದರಲ್ಲಿಯೇ ನಡೆಯುತ್ತವೆ. ಕಿವುಡ ಹುಡುಗ ಕಿವುಡ ಹುಡುಗಿಯನ್ನೇ ಮದುವೆಯಾಗಲು ಬಯಸಿದಾಗ, ‘ಮನೆಯಲ್ಲಿ ಕೇಳುವವರು ಒಬ್ಬರಾದರೂ ಬೇಕಲ್ಲ’ ಎಂದು ಹಿರಿಯರು ತಡೆಯುತ್ತಾರೆ. ಜಾತಿಗಿಂತ ಭಾಷೆ ದೊಡ್ಡದೆಂದು ಅರಿತ ಮಕ್ಕಳ ಮುಂದೆ ಆ ಆತಂಕ ಎಷ್ಟು ದಿನ ನಿಲ್ಲುತ್ತದೋ ನೋಡಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಕೀಲೆ ಸಾರಾ ಸನ್ನಿ ಸಂಜ್ಞಾ ಭಾಷೆಯ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನಲ್ಲಿ ಹಾಜರಾದರು. ಮರುವರ್ಷ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅವರ ವಾದವನ್ನು ಆಲಿಸಿತು. ಅದು ಗಂಡ ಹೆಂಡಿರ ವ್ಯಾಜ್ಯ. ಅವರು ಪತ್ನಿಯ ಪರ. ಯಾರೂ ಕನಿಕರದಿಂದ ನೋಡಬೇಕಾಗಿಲ್ಲದ, ಎದುರು ಪಕ್ಷದವರು ಭಯದಿಂದ ನೋಡಬೇಕಾದ ಕಿವುಡ ಹೆಣ್ಣುಮಗಳ ಪಾತ್ರ ನಮ್ಮ ಕಣ್ಣೆದುರೇ ಇದೆ.

ಕಾನೂನು ಹಿಂದೆ ಬಿದ್ದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮ ಸಂಜ್ಞಾ ಭಾಷೆಯನ್ನು ಸಂವಹನದ ಮಾಧ್ಯಮವೆಂದು ಒಪ್ಪಿದೆ. 2015ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2021ರ ಹೊತ್ತಿಗೆ 10,000 ಪದಗಳ ನಿಘಂಟನ್ನು ಹೊರತಂದಿತು. 2024ರ ಡಿಸೆಂಬರ್‌ನಲ್ಲಿ ಸಂಜ್ಞಾ ಭಾಷೆಗಾಗಿಯೇ ಪಿಎಂ ಇ-ವಿದ್ಯಾದ 31ನೇ ವಾಹಿನಿ ಆರಂಭವಾಯಿತು. ವಾಹಿನಿಗಳ ಮಟ್ಟಿಗೆ ಹೇಳುವುದಾದರೆ, ಶ್ರವಣದೋಷವುಳ್ಳವರಿಗೆ ಕಾರ್ಯಕ್ರಮಗಳು ಎಟುಕುವಂತಿರಬೇಕೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2019ರ ಸೆಪ್ಟೆಂಬರ್‌ನಲ್ಲಿ ಮಾನದಂಡಗಳನ್ನು ಪ್ರಕಟಿಸಿತು. ಅಡಿಬರಹವೋ ಸಂಜ್ಞಾ ಭಾಷೆಯೋ, ಆಯ್ಕೆ ವಾಹಿನಿಯದು. ನೇರ ಪ್ರಸಾರದ ಕ್ರೀಡೆ, ಸಂಗೀತ, ಚರ್ಚೆಗಳಂಥವಕ್ಕೆ ವಿನಾಯಿತಿ ಇದೆ. ದೈನಂದಿನ ಧಾರಾವಾಹಿ ನೇರ ಪ್ರಸಾರವಲ್ಲ.

ಅಕ್ಷರ ಬಾರದ ಕಿವುಡರಿಗೆ ಕನ್ನಡದ ಅಡಿಬರಹದಿಂದ ಏನು ಪ್ರಯೋಜನ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಆದರೆ ಶಾಲೆ ಕಂಡವರಿಗೆ ಅದು ದಿನಕ್ಕೆ ಮೂರು ಗಂಟೆಯ ಪಾಠ. ಕೇಳಬಲ್ಲ ಅರೆಸಾಕ್ಷರರಿಗೂ ಹಾಗೆಯೇ. ಅಹಮದಾಬಾದಿನ ಬ್ರಿಜ್ ಕೊಠಾರಿ 1990ರ ದಶಕದಿಂದಲೂ ಚಿತ್ರಗೀತೆಗಳಿಗೆ ಅದೇ ಭಾಷೆಯ ಅಡಿಬರಹ ಹಾಕಿಸಿ ಇದನ್ನೇ ಪ್ರತಿಪಾದಿಸುತ್ತಿದ್ದಾರೆ. ಸಾಕ್ಷರತೆಯಲ್ಲಿ ಸದಾ ಕೊನೆಯ ಸಾಲಿನಲ್ಲಿ ನಿಲ್ಲುವ ರಾಯಚೂರು ಜಿಲ್ಲೆಗೆ ಇದಕ್ಕಿಂತ ಅಗ್ಗದ ವಯಸ್ಕರ ಶಿಕ್ಷಣ ಇನ್ನೊಂದಿರಲಾರದು.

ವೆಚ್ಚದ ನೆಪವನ್ನು ಮುಂದಿಡುವ ವಾಹಿನಿಗಳು ಒಂದು ಸಂಗತಿಯನ್ನು ಮರೆಯುತ್ತವೆ. ಧಾರಾವಾಹಿಯ ಪ್ರತಿ ಕಂತಿನ ಸಂಭಾಷಣೆಯೂ ಚಿತ್ರೀಕರಣಕ್ಕೆ ಮೊದಲೇ ಹಾಳೆಯ ಮೇಲೆ ಕನ್ನಡದಲ್ಲಿ ಸಿದ್ಧವಿರುತ್ತದೆ. ಅದನ್ನು ನೋಡಿಕೊಂಡೇ ನಟರು ಮಾತು ಒಪ್ಪಿಸುತ್ತಾರೆ. ಸಂಜೆಗೆ ಆ ಹಾಳೆ ಕಸದ ಬುಟ್ಟಿಗೆ ಸೇರುತ್ತದೆ.